ಎಂಟನೆಯ ಜೊತೆ ಕಾಲು

ಕಲ್ಲುಕಟ್ಟೆ ಲೈನ್, ಮಾರಿಕುಪ್ಪಂ
೪ ಮಾರ್ಚ್ ೨೦೨೪

ಅನಸೂಯಮ್ಮ ಮೇಡಂ ಅವರಿಗೆ ವನಿತಾಳ ನಮಸ್ಕಾರಗಳು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಕಪ್ಪೆ ಕೊಯ್ಯುವಾಗ ತಲೆ ತಿರುಗಿ ಬಿದ್ದು, ನಿಮ್ಮ ಸೀರೆಯ ಮೇಲೆ ಫಾರ್ಮಲಿನ್ ಚೆಲ್ಲಿದವಳು ನಾನು. ನೀವು ನಿವೃತ್ತರಾಗಿ ಬಂಗಾರಪೇಟೆಯಲ್ಲಿದ್ದೀರಿ, ಕಿವಿ ಮಂದವಾಗಿ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿದರು. ಹೇಗೂ ಬಾಟಲಿಯನ್ನು ಫೋನಿನಲ್ಲಿ ಕಳಿಸಲಾಗುವುದಿಲ್ಲವಲ್ಲ. ನಮ್ಮ ಪಕ್ಕದ ಮನೆಯ ಪೆರುಮಾಳ್ ದಿನಾ ಬೆಳಗಿನ ರೈಲಿಗೆ ನಿಮ್ಮೂರಿನ ಮಾರ್ಕೆಟ್ಟಿಗೆ ಮೂಟೆ ಹೊರಲು ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಒಂದು ಬಾಟಲಿ ಬಾವಿನೀರನ್ನೂ ಕಳಿಸಿದ್ದೇನೆ.

ನಮ್ಮ ಲೈನಿನ, ಆ ಹಳೆಯ ಚಿನ್ನದ ಗಣಿಯವರ ಮನೆಸಾಲಿನ ಹಿಂದೆ ಎಲ್ಲರಿಗೂ ಸೇರಿದ ಒಂದು ಬಾವಿಯಿದೆ. ನಲ್ಲಿಯಲ್ಲಿ ನೀರು ಬಾರದ ದಿನ ಅದೇ ಗತಿ. ಸೇದಿ, ಹಳೆಯ ಬಿಳಿ ಪಂಚೆಯಲ್ಲಿ ಸೋಸಿ ಕುಡಿಯುತ್ತೇವೆ. ಮೊನ್ನೆ ಪಂಚೆಯನ್ನು ಹಿಂಡುವ ಮೊದಲು ಬಿಸಿಲಿಗೆ ಹಿಡಿದೆ. ಅದರ ಮೇಲೆ ಬಿಳಿ ಎಳೆಯ ಚೂರುಗಳಿದ್ದವು. ಪಂಚೆಯ ನೂಲೇ ಬಿಟ್ಟಿದೆ ಎಂದುಕೊಂಡೆ. ಆಮೇಲೆ ಒಂದು ಚೂರು ಮಡಚಿಕೊಂಡಿತು.

ನನ್ನ ಮಗಳು ಶ್ಯಾಮಲ ಯು.ಕೆ.ಜಿ.ಯಲ್ಲಿದ್ದಾಳೆ. ಅವಳಿಗೆ ಆಗಾಗ ಹೊಟ್ಟೆನೋವು. ಇಷ್ಟು ದಿನ ಇದನ್ನೇ ಕುಡಿಸಿದೆನೇ ಎಂದು ತುಂಬಿಟ್ಟ ಕೊಡಗಳನ್ನೆಲ್ಲ ಚೆಲ್ಲಿಬಿಟ್ಟೆ. ನಮ್ಮವರು, ಕಾಂತರಾಜ್, ಫ್ಯಾಕ್ಟರಿಯಿಂದ ಬಂದವರು ಬ್ಲೀಚಿಂಗ್ ಪೌಡರ್ ಹಾಕಿದರಾಯಿತು ಎಂದರು. ಅತ್ತೆ ಕದಿರಮ್ಮ ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಆ ನೀರು ಮುಟ್ಬ್ಯಾಡಮ್ಮ" ಎಂದರು. ಯಾಕೆ ಎಂದು ಕೇಳಿದರೆ ಒಳಗೆ ಹೋಗಿ ಮಲಗಿಬಿಟ್ಟರು.

ಇದೇನು ಹುಳ ಮೇಡಂ?

ನಿಮ್ಮ ವಿದ್ಯಾರ್ಥಿನಿ,
ವನಿತಾ


ಬಂಗಾರಪೇಟೆ
೭ ಮಾರ್ಚ್

ಪ್ರಿಯ ವನಿತಾ,

ಆ ಸೀರೆಯ ಕಲೆ ಹೋಗಲೇ ಇಲ್ಲ. ನಿನ್ನನ್ನು ಹೇಗೆ ಮರೆಯಲಿ?

ಮೊದಲು ನಿನ್ನ ಭಯಕ್ಕೆ ಉತ್ತರ. ಇದು ಜಂತುಹುಳವಲ್ಲ. ಹುಳವೇ ಅಲ್ಲ. ಮಗುವಿನ ಹೊಟ್ಟೆನೋವು ಇದರಿಂದ ಬಂದದ್ದಲ್ಲ. ಡಾಕ್ಟರಿಗೆ ತೋರಿಸು, ನೀರನ್ನು ಕುದಿಸಿ ಕೊಡು.

ಇದು ಸೀಗಡಿ, ಏಡಿಗಳ ದೂರದ ನೆಂಟ. ರಾಗಿಕಾಳಿನಷ್ಟು ಉದ್ದ, ಕೂದಲಿನಷ್ಟು ದಪ್ಪ. ಮೈಯೆಲ್ಲ ಮಣಿ ಪೋಣಿಸಿದ ಹಾಗೆ ಕಂತುಕಂತಾಗಿದೆ. ಏಡಿಯ ಚಿಪ್ಪಿಲ್ಲ, ಬಣ್ಣವಿಲ್ಲ. ಕರುಳು ಗಾಜಿನೊಳಗಿನ ದಾರದ ಹಾಗೆ ಹೊರಗೆ ಕಾಣುತ್ತದೆ. ಕಣ್ಣೂ ಇಲ್ಲ. ಕಣ್ಣು ಇರಬೇಕಾದ ಗುರುತು ಕೂಡ ಇಲ್ಲ. ಇಂಥವನ್ನು ಪುಸ್ತಕದಲ್ಲಿ ಬ್ಯಾಥಿನೆಲ್ಲ ಎನ್ನುತ್ತಾರೆ. ನೆಲದಡಿಯ ನೀರಿನಲ್ಲಿ, ಮರಳಿನ ಮತ್ತು ಬಂಡೆಯ ಸಂದುಗಳಲ್ಲಿ, ಬೆಳಕು ಎಂದೂ ಬೀಳದ ಕಡೆ ತಲತಲಾಂತರದಿಂದ ಬದುಕಿಕೊಂಡು ಬಂದಿವೆ.

ಇದು ಯಾವ ಜಾತಿ ಎಂದು ಹೇಳಲು ಗಂಡು ಬೇಕು. ಎದೆಯ ಕೆಳಗೆ ಏಳು ಜೊತೆ ಕಾಲು ಎಲ್ಲವಕ್ಕೂ ಹೆಚ್ಚುಕಡಿಮೆ ಒಂದೇ. ಎಂಟನೆಯ ಜೊತೆ ಮಾತ್ರ ಗಂಡಿನಲ್ಲಿ ಮೊಟಕಾಗಿ, ಗಂಟುಗಂಟಾಗಿ, ಒಂದೊಂದು ಜಾತಿಗೆ ಒಂದೊಂದು ಆಕಾರದಲ್ಲಿರುತ್ತದೆ. ಅದನ್ನು ಬಿಡಿಸಿ ನೋಡಿದರೆ ಮಾತ್ರ ಗೊತ್ತಾಗುವುದು. ನೀನು ಕಳಿಸಿದ್ದರಲ್ಲಿ ಎಲ್ಲವೂ ಹೆಣ್ಣು. ಇನ್ನಷ್ಟು ಸೋಸಿ ಕಳಿಸು, ಅರ್ಧ ಜೀವಂತ, ಅರ್ಧ ಸ್ಪಿರಿಟ್ಟಿನಲ್ಲಿ.

ನಿನ್ನ,
ಅನಸೂಯ

ಇನ್ನೊಂದು ಮಾತು. ಬಾವಿಯಲ್ಲಿ ನೀರು ಈಚೆಗೆ ಏನಾದರೂ ಏರಿದೆಯೇ? ಸೇದಿದ ಕೂಡಲೇ ಕೈಯಿಟ್ಟರೆ ತಣ್ಣಗಿರುತ್ತದೆಯೇ?


ಮಾರಿಕುಪ್ಪಂ
೧೯ ಮಾರ್ಚ್

ಪ್ರೀತಿಯ ಮೇಡಂ,

ಶ್ಯಾಮಲಳಿಗೆ ಡಾಕ್ಟರು ಔಷಧಿ ಕೊಟ್ಟರು, ಈಗ ಚೆನ್ನಾಗಿದ್ದಾಳೆ. ಜಂತುಹುಳವಲ್ಲ ಎಂದು ಓದಿದಾಗ ನಾನು ಅತ್ತುಬಿಟ್ಟೆ. ಆದರೆ ನಿಮ್ಮ ಕೊನೆಯ ಎರಡು ಸಾಲು ಓದಿದ ಮೇಲೆ ನೆಮ್ಮದಿಯಾಗಿ ಕೂರಲು ಆಗುತ್ತಿಲ್ಲ.

ನಿಮಗೆ ಹೇಗೆ ಗೊತ್ತಾಯಿತು ಮೇಡಂ? ನೀರು ಏರಿದೆ. ಪ್ರತಿ ವರ್ಷ ಶಿವರಾತ್ರಿ ಕಳೆದರೆ ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕಿತ್ತು. ಈ ಸಲ ಹನಿ ಮಳೆಯಿಲ್ಲದೆ ನೀರು ಮೇಲೆ ಬರುತ್ತಿದೆ. ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದವರು, "ಈ ಸಲ ನೀರು ಬೆಚ್ಚಗೈತೆ, ಚೆನ್ನಾಗೈತೆ" ಎಂದು ಮಾತಾಡಿಕೊಂಡದ್ದನ್ನು ನಾನೇ ಕೇಳಿದ್ದೆ. ಬಿಸಿಲಿಗೆ ಎಂದುಕೊಂಡಿದ್ದೆ. ನಿಮ್ಮ ಕಾಗದ ಬಂದ ಮೇಲೆ ಬೆಳಿಗ್ಗೆ ಬಿಸಿಲು ಏರುವ ಮೊದಲು ಸೇದಿ ಕೈಯಿಟ್ಟೆ. ಸ್ನಾನಕ್ಕೆ ಹದವಾಗಿ ಕಾಯಿಸಿಟ್ಟ ಹಾಗಿತ್ತು.

ಎದುರು ಸಾಲಿನ ಮುನಿಸ್ವಾಮಪ್ಪ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿಸಿದ್ದಾರೆ. "ಗಂಗಮ್ಮ ತಾನಾಗೇ ಮ್ಯಾಕೆ ಬಂದವ್ಳೆ. ನೀನ್ಯಾಕಮ್ಮ ಮಕ ಇಂಡ್ಕೊಂಡು ಓಡಾಡ್ತೀಯ" ಎಂದು ನನ್ನನ್ನು ಕೇಳಿದರು.

ಅತ್ತೆ ಈಗ ಹಿತ್ತಿಲಲ್ಲಿ ಚಾಪೆ ಹಾಸಿಕೊಂಡು ಮಧ್ಯಾಹ್ನವೆಲ್ಲ ನೆಲಕ್ಕೆ ಕಿವಿಯಿಟ್ಟು ಮಲಗಿರುತ್ತಾರೆ. ಸೆಕೆಗೆ ಮಲಗಿದ್ದೀನಿ ಎನ್ನುತ್ತಾರೆ. ನಮ್ಮ ಮಾವ ಗಣಿಯಲ್ಲಿ ಕೆಲಸ ಮಾಡುತ್ತಾ ಒಳಗೇ ತೀರಿಹೋದವರು. ಕೆಳಗೆ ಬಂಡೆ ಸಿಡಿದರೆ ಆ ಕಾಲದಲ್ಲಿ ಮನೆಯ ಪಾತ್ರೆಗಳೆಲ್ಲ ಅದುರುತ್ತಿದ್ದವಂತೆ. ಆ ವಿಷಯವನ್ನು ಅತ್ತೆ ಎಂದೂ ಮಾತಾಡಿದವರಲ್ಲ, ನಾವೂ ಕೇಳಿದವರಲ್ಲ.

ಬಾಟಲಿಗಳು ಪೆರುಮಾಳ್ ಹತ್ತಿರ ಇವೆ. ಇದರಲ್ಲಿ ಹುಳ ಇದೆ ಎಂದು ಹೇಳಿ ರೈಲಿನಲ್ಲಿ ಪೂರ್ತಿ ಸೀಟು ಗಿಟ್ಟಿಸುತ್ತಾನೆ ಅವನು.

ವನಿತಾ


ಬಂಗಾರಪೇಟೆ
೨೭ ಮಾರ್ಚ್

ಪ್ರಿಯ ವನಿತಾ,

ಗಂಡು ಸಿಕ್ಕಿತು.

ನಾನು ಮಾಡಿದ್ದನ್ನು ನಿನಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದೆ ಹೇಳುವ ಮಾತನ್ನು ನೀನು ನಂಬಬೇಕು. ಗ್ಲಿಸರಿನ್ ಹನಿಯಲ್ಲಿ ಅದನ್ನು ಮಲಗಿಸಿ, ಎರಡು ಸಣ್ಣ ಸೂಜಿಗಳಿಂದ ತಲೆಯ ಕಡೆಯಿಂದ ಒಂದೊಂದೇ ಕಂತನ್ನು ಬಿಡಿಸುತ್ತಾ ಬಂದೆ. ನನ್ನ ಕೈ ಈಗ ನಡುಗುತ್ತದೆ. ಎರಡು ಗಂಡುಗಳನ್ನು ಹಾಳು ಮಾಡಿದೆ. ಮೂರನೆಯದರಲ್ಲಿ ಎಂಟನೆಯ ಜೊತೆ ಕಾಲು ಇಡಿಯಾಗಿ ಬಂತು. ಮಾವಿನ ಓಟೆಯ ಹಾಗೆ ಉಬ್ಬಿದ ಬುಡ, ಅದರ ಒಳಮಗ್ಗುಲಿಗೆ ಬಾಗಿದ ಒಂದು ಮುಳ್ಳು. ಬಾಲದ ತುದಿಯ ಎರಡು ಕವಲುಗಳಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಮುಳ್ಳು.

ಇದನ್ನು ಹಿಂದೆ ನೋಡಿದ್ದೇನೆ ಎನ್ನಿಸಿತು. ನನ್ನ ತಂದೆ ರಾಮಚಂದ್ರಪ್ಪ ಗಣಿಯ ಪಂಪಿನ ವಿಭಾಗದಲ್ಲಿದ್ದರು. ನಾನು ಎಂ.ಎಸ್ಸಿ. ಓದುವಾಗ, ಕೆಳಗಿನ ಸುರಂಗದಲ್ಲಿ ಬಂಡೆಯಿಂದ ಜಿನುಗುವ ನೀರನ್ನು ನನಗಾಗಿ ಒಂದು ಸಲ ಬಾಟಲಿಯಲ್ಲಿ ಹಿಡಿದು ತಂದಿದ್ದರು. ಅದರಲ್ಲಿ ಸಿಕ್ಕ ಒಂದೇ ಒಂದು ಗಂಡನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ ಇಟ್ಟಿದ್ದೆ. ಅದನ್ನು ಹುಡುಕಿ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಗಾಜು ಹಳದಿಯಾಗಿದೆ, ಜೀವಿ ಸ್ವಲ್ಪ ಮಗ್ಗುಲಾಗಿ ಬಿದ್ದಿದೆ. ಆದರೂ ಎರಡೂ ಒಂದೇ ಜಾತಿ ಎಂದೇ ಕಾಣುತ್ತದೆ.

ಇದರ ಅರ್ಥ ಏನೆಂದರೆ, ನಿಮ್ಮ ಬಾವಿಗೆ ಈಗ ಬರುತ್ತಿರುವುದು ಮಳೆಯ ಒರತೆಯಲ್ಲ. ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ತುಂಬುತ್ತಾ ಬಂದ ನೀರು. ಆಳದ ಬಂಡೆ ಬಿಸಿಯಾಗಿರುವುದರಿಂದಲೇ ಅದು ಬೆಚ್ಚಗಿದೆ. ಆ ನೀರು ನಿಮ್ಮ ಹಿತ್ತಿಲವರೆಗೆ ಬರಬೇಕಾದರೆ ನಿಮ್ಮ ಸಾಲಿನ ಅಡಿಯಲ್ಲಿ, ಹೆಚ್ಚು ಆಳವಲ್ಲದ ಕಡೆ, ಯಾವುದೋ ಹಳೆಯ ಪೊಳ್ಳು ಇದೆ.

ನೀರು ಇರುವವರೆಗೆ ಆ ಪೊಳ್ಳಿನ ಚಾವಣಿಯನ್ನು ನೀರೇ ಹೊತ್ತುಕೊಂಡಿರುತ್ತದೆ. ಕೆಳಗೆಲ್ಲೋ ದಾರಿ ಬಿಚ್ಚಿ ಅದು ತಟ್ಟನೆ ಇಳಿದುಹೋದರೆ ಹೊರುವವರಿಲ್ಲ. ನೀರು ಏರಿದ್ದಕ್ಕೆ ಹೆದರಬೇಡ. ಇಳಿದರೆ ಮಾತ್ರ ಒಂದು ಕ್ಷಣವೂ ನಿಲ್ಲಬೇಡಿ. ಇದನ್ನು ಬರೆದು ಸಹಿ ಮಾಡಿ ಜೊತೆಗಿಟ್ಟಿದ್ದೇನೆ. ಗಣಿ ಕಂಪನಿಯ ಆಫೀಸಿಗೆ ಕೊಟ್ಟು ಬಾ.

ಅನಸೂಯ


ಮಾರಿಕುಪ್ಪಂ
೫ ಏಪ್ರಿಲ್

ಮೇಡಂ,

ಆಫೀಸಿಗೆ ಹೋಗಿದ್ದೆವು. ಮೇಜಿನ ಹಿಂದಿದ್ದವರು ನಿಮ್ಮ ಕಾಗದವನ್ನು ಎರಡು ಸಲ ಓದಿದರು. ಒಳ್ಳೆಯವರ ಹಾಗೇ ಕಂಡರು. "ಸೀಗಡಿ ಮರಿ ಕಾಲು ನೋಡಿ ಒಂದು ಲೈನ್ ಖಾಲಿ ಮಾಡಿಸು ಅಂದ್ರೆ ನಾನು ಮೇಲಿನವರಿಗೆ ಏನಂತ ಬರೀಲಿ ತಾಯಿ?" ಎಂದು ಕೇಳಿದರು. ಪಕ್ಕದ ಮೇಜಿನವರು ನಕ್ಕರು. ನಮ್ಮವರ ಕಿವಿ ಕೆಂಪಾಯಿತು.

ಮನೆಗೆ ಬಂದ ಮೇಲೆ, "ನಾಳೆ ಶಿಫ್ಟಲ್ಲಿ ಎಲ್ರೂ ಕೇಳ್ತಾರೆ, ಏನು ಕಾಂತರಾಜು, ನಿನ್ನೆಂಡ್ತಿ ಮೀನು ಜ್ಯೋತಿಷ್ಯ ಏಳ್ತಾಳಂತೆ ಅಂತ" ಎಂದರು. ಮುನಿಸ್ವಾಮಪ್ಪ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿ, "ಈ ಮನೆಗಳ ಪತ್ರ ಇನ್ನೂ ನಮ್ಮ ಕೈಗೆ ಬಂದಿಲ್ಲ. ಬಿಟ್ಟೋದ್ರೆ ಮತ್ತೆ ಒಳಕ್ಕೆ ಬಿಡ್ತಾರಾ? ಇದೆಲ್ಲ ನಮ್ಮನ್ನ ಎಬ್ಬಿಸೋ ಆಟ" ಎಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲ ಎಂದು ಹೇಗೆ ಹೇಳಲಿ? ಈಗ ನನ್ನ ಜೊತೆ ಯಾರೂ ಬಾವಿಯ ಹತ್ತಿರ ನಿಲ್ಲುವುದಿಲ್ಲ.

ನೆಲದ ಮೇಲೆ ಕಾಲಿಡುವಾಗ ಹಗುರಾಗಿ ಇಡುತ್ತೇನೆ. ಶ್ಯಾಮಲ ಕುಣಿದರೆ ಎತ್ತಿಕೊಂಡುಬಿಡುತ್ತೇನೆ. ಬೆಳಿಗ್ಗೆ ಮೊದಲು ಎದ್ದು ಬಾವಿ ನೋಡುತ್ತೇನೆ, ನೀರು ಇದ್ದರೆ ಕಾಫಿಗೆ ಇಡುತ್ತೇನೆ.

ಒಂದು ಕೇಳಬೇಕು. ನಾನು ನಮ್ಮವರನ್ನು ಎದುರು ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಇಲ್ಲಿಂದ ಹೊರಡಬೇಕು. ಆಮೇಲೆ ಏನೂ ಆಗದಿದ್ದರೆ ಈ ಲೈನಿನಲ್ಲಿ ನಾನು ಮತ್ತೆ ಮುಖವೆತ್ತಿ ನಡೆಯುವ ಹಾಗಿಲ್ಲ. ನಿಮಗೆ ಖಚಿತವಾಗಿ ಗೊತ್ತೇ ಮೇಡಂ?

ವನಿತಾ


ಬಂಗಾರಪೇಟೆ
೬ ಏಪ್ರಿಲ್

ವನಿತಾ,

ಖಚಿತ. ಹೊರಡು.

ಅನಸೂಯ


ಕ್ಯಾಸಂಬಳ್ಳಿ
೧೬ ಏಪ್ರಿಲ್

ಮೇಡಂ,

ನಾವೆಲ್ಲ ಬದುಕಿದ್ದೇವೆ. ಪೇಪರಿನಲ್ಲಿ ನೀವು ಓದಿರಬಹುದು, ಅದಕ್ಕೇ ಇದನ್ನು ಮೊದಲು ಬರೆದೆ.

ನಿಮ್ಮ ಕಾಗದ ಬಂದ ದಿನವೇ ಶ್ಯಾಮಲಳನ್ನು ಕ್ಯಾಸಂಬಳ್ಳಿಗೆ ಕರೆತಂದು ಅತ್ತೆಯ ತಮ್ಮ ಶ್ರೀನಿವಾಸಪ್ಪನವರ ಮನೆಯಲ್ಲಿ ಬಿಟ್ಟೆ. ನಮ್ಮವರು ಬೇಡವೆನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಅವರನ್ನು ಒಪ್ಪಿಸಲು ನಾನು ವಾಪಸ್ಸು ಹೋದೆ. ಯುಗಾದಿ ಬಂತು, ಬೇವು ಬೆಲ್ಲ ಹಂಚಿದೆವು, ನನ್ನ ಕೈಯಿಂದ ಕೆಲವರು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೊಡ ಇಳಿಬಿಟ್ಟೆ. ಹಗ್ಗ ಕೈಯಲ್ಲಿ ಜಾರುತ್ತಾ ಹೋಯಿತು. ಹಗ್ಗವೆಲ್ಲ ಮುಗಿದರೂ ಕೊಡ ನೀರು ಮುಟ್ಟಿದ ಸದ್ದಾಗಲಿಲ್ಲ. ಬಗ್ಗಿ ನೋಡಿದೆ. ಹಿಂದಿನ ದಿನ ನೀರು ನಿಂತಿದ್ದ ಮಟ್ಟದಲ್ಲಿ ಒದ್ದೆ ಗೆರೆ ಇತ್ತು, ಅದರ ಕೆಳಗೆ ಬರೀ ಕತ್ತಲೆ. ಒಳಗಿನಿಂದ ಗಾಳಿ ಮೇಲಕ್ಕೆ ಬೀಸುತ್ತಿತ್ತು, ಮುಖಕ್ಕೆ ಬೆಚ್ಚಗೆ ಹೊಡೆಯಿತು. ಹಗ್ಗ ಹಿಡಿದುಕೊಂಡು ಹಾಗೇ ನಿಂತಿದ್ದೆ.

ಅತ್ತೆ ಎದ್ದು ಬಂದು ಇಣುಕಿ ನೋಡಿದರು. ಹಿತ್ತಾಳೆ ತಟ್ಟೆ ತೆಗೆದುಕೊಂಡು ಸೌಟಿನಿಂದ ಬಡಿಯುತ್ತಾ ಸಾಲಿನ ಉದ್ದಕ್ಕೂ ನಡೆದರು. "ಏಳ್ರೋ, ಆಚೀಗ್ ಬರ್ರೋ. ನೀರು ಓಯ್ತು. ಮಕ್ಳನ್ನ ಎತ್ಕಳ್ರಿ, ಸಾಮಾನ್ ಮುಟ್ಬ್ಯಾಡ್ರಿ." ತಮಿಳಿನಲ್ಲೂ ಹೇಳಿದರು, ತೆಲುಗಿನಲ್ಲೂ ಹೇಳಿದರು. ನಾನು ಹೇಳಿದಾಗ ಜಗಳಕ್ಕೆ ಬಂದವರು ಅವರ ಮುಖ ನೋಡಿ ಮಾತಿಲ್ಲದೆ ಹೊರಬಿದ್ದರು. ಗಂಡ ಗಣಿಯೊಳಗೆ ಹೋದ ಮೇಲೂ ಬಾಯಿ ಬಿಡದ ಹೆಂಗಸು ಹಾಗೆ ಕೂಗಿದರೆ ಯಾರು ನಿಲ್ಲುತ್ತಾರೆ?

ಎಲ್ಲರೂ ರೈಲ್ವೆ ಗೇಟಿನ ಹತ್ತಿರದ ಬಯಲಿಗೆ ಬಂದೆವು. ಮುನಿಸ್ವಾಮಪ್ಪ ಬರಲಿಲ್ಲ. ತಮ್ಮ ಹೊಸ್ತಿಲ ಮೇಲೆ ಕುಳಿತು, "ನಾನು ಉಟ್ಟಿದ್ದೇ ಇಲ್ಲಿ, ನೀವು ಓಗ್ರಪ್ಪ" ಎಂದರು. ನಮ್ಮವರು ರಾತ್ರಿ ಪಾಳಿ ಮುಗಿಸಿ ಆಗ ತಾನೆ ಸೈಕಲ್ಲಿನಲ್ಲಿ ಬಂದರು. ವಿಷಯ ಕೇಳಿದರು. ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಒಳಗೆ ನಡೆದುಬಿಟ್ಟರು. ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಆ ಹೊತ್ತಿನಲ್ಲಿ ಯಾವ ದೇವರ ಹೆಸರೂ ನೆನಪಿಗೆ ಬರಲಿಲ್ಲ.

ಅವರು ಮುನಿಸ್ವಾಮಪ್ಪನವರನ್ನು ಬೆನ್ನ ಮೇಲೆ ಹೊತ್ತು ತಂದರು. ಮುದುಕರು ದಾರಿಯುದ್ದಕ್ಕೂ ಬೈಯುತ್ತಾ ಬೆನ್ನಿಗೆ ಗುದ್ದುತ್ತಿದ್ದರು. ಗೇಟಿನ ಹತ್ತಿರ ಇಳಿಸಿ, ಇಬ್ಬರೂ ಏದುಸಿರು ಬಿಡುತ್ತಾ ಕುಳಿತರು. ತುಂಬ ಹೊತ್ತು ಏನೂ ಆಗಲಿಲ್ಲ. ಕೆಲವರು ನನ್ನ ಕಡೆ ನೋಡತೊಡಗಿದರು. ಒಬ್ಬಳು ಒಲೆ ಆರಿಸಿ ಬರುತ್ತೇನೆ ಎಂದು ಎದ್ದಳು, ಅತ್ತೆ ಅವಳ ಸೆರಗು ಹಿಡಿದು ಕೂರಿಸಿದರು.

ಆಮೇಲೆ ಬಾವಿಕಟ್ಟೆ ಕುಕ್ಕರಗಾಲಿನಲ್ಲಿ ಕೂರುವವರ ಹಾಗೆ ನಿಧಾನವಾಗಿ ಕೆಳಗೆ ಇಳಿಯಿತು. ದೊಡ್ಡ ಸದ್ದೇನೂ ಇಲ್ಲ. ನಮ್ಮ ಬಚ್ಚಲು ಮನೆ, ಅಡುಗೆಮನೆಯ ಗೋಡೆ, ಪೆರುಮಾಳನ ಮನೆಯ ಶೀಟುಗಳು, ಒಂದರ ಹಿಂದೆ ಒಂದು ಒಳಗೆ ಹೋದವು. ಧೂಳು ಎದ್ದಾಗ ಮಾತ್ರ ಮಕ್ಕಳು ಅಳಲು ಶುರುಮಾಡಿದವು.

ಯಾರಿಗೂ ಏನೂ ಆಗಿಲ್ಲ. ಇಲ್ಲಿ ಶ್ರೀನಿವಾಸಪ್ಪನವರು ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟಿದ್ದಾರೆ. ಅತ್ತೆ ಒಳಗೆ ಮಲಗಲು ಒಪ್ಪುವುದಿಲ್ಲ. ನಮ್ಮವರು ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ, ಆದರೆ ನಿನ್ನೆ ನಿಮ್ಮ ವಿಳಾಸ ಕೇಳಿದರು.

ನಿಮ್ಮ,
ವನಿತಾ


ಬಂಗಾರಪೇಟೆ
೨ ಸೆಪ್ಟೆಂಬರ್

ಪ್ರಿಯ ವನಿತಾ,

ಇಷ್ಟು ದಿನ ನಾನು ಬರೆಯಲಿಲ್ಲ. ಕಾಂತರಾಜ್ ಬಂದು, ಒಂದು ಚೀಲ ಹುರಳಿಕಾಯಿ ಇಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋದರಲ್ಲ, ಅಂದಿನಿಂದ ಬರೆಯುವುದು ಇನ್ನೂ ಕಷ್ಟವಾಯಿತು.

ನಿಮ್ಮ ಬಾವಿಯ ಜೀವಿಗಳನ್ನೂ ನನ್ನ ಹಳೆಯ ಗಾಜಿನ ಪಟ್ಟಿಯನ್ನೂ ಈ ಗುಂಪನ್ನೇ ಓದಿಕೊಂಡಿರುವ ಒಬ್ಬರಿಗೆ ಕಳಿಸಿದ್ದೆ. ಅವರ ಉತ್ತರ ಬಂದಿದೆ. ಅವೆರಡೂ ಒಂದೇ ಜಾತಿಯಲ್ಲ. ನಿಮ್ಮ ಬಾವಿಯದರ ಎಂಟನೆಯ ಕಾಲಿನಲ್ಲಿ, ಬಾಗಿದ ಮುಳ್ಳಿನ ಹಿಂದೆ ಇನ್ನೊಂದು ಚಿಕ್ಕ ಮುಳ್ಳಿದೆ. ಗಣಿಯದರಲ್ಲಿ ಅದಿಲ್ಲ. ನಿಮ್ಮದು ಈವರೆಗೆ ಯಾರೂ ಹೆಸರಿಡದ ಜಾತಿಯಂತೆ. ನೆಲದಡಿಯ ಯಾವ ಒರತೆಯಲ್ಲಾದರೂ ಇರಬಹುದಾದದ್ದು. ಅದು ನಿಮ್ಮ ಬಾವಿಗೆ ಬಂದಿತ್ತು ಎಂದ ಮಾತ್ರಕ್ಕೆ ಗಣಿಯ ನೀರು ಬಂದಿತ್ತು ಎಂದಾಗುವುದಿಲ್ಲ. ನೀರು ಬೆಚ್ಚಗಾದದ್ದು, ಏರಿದ್ದು, ಇವು ಸಾಕ್ಷಿಯೇ ಹೌದು. ನಾನು ಸಾಕ್ಷಿ ಎಂದು ಕೊಟ್ಟ ಕಾಲು ಸಾಕ್ಷಿಯಲ್ಲ.

ಇಷ್ಟೇ ಆಗಿದ್ದರೆ ಕಣ್ಣು ಮೋಸ ಮಾಡಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ಖಚಿತವೇ ಎಂಬ ನಿನ್ನ ಪ್ರಶ್ನೆ ಬಂದ ದಿನ ನಾನು ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕುಳಿತಿದ್ದೆ. ಆ ಚಿಕ್ಕ ಮುಳ್ಳು ನನಗೆ ಕಂಡಿತು. ಚರ್ಮದ ಮಡಿಕೆ ಇರಬಹುದು ಎಂದುಕೊಂಡು ದೀಪ ಆರಿಸಿದೆ. ಗೊತ್ತಿಲ್ಲ ಎಂದು ಬರೆದರೆ ನೀನು ಅಲ್ಲೇ ಉಳಿಯುತ್ತೀಯ ಎಂದು ನನಗೆ ಹೆದರಿಕೆಯಾಯಿತು. ಹಾಗಾಗಿ ಖಚಿತ ಎಂದು ಬರೆದೆ. ನೆಲ ಕುಸಿಯದೆ ಇದ್ದಿದ್ದರೆ ನಿನ್ನ ಸಂಸಾರವನ್ನು ಒಂದು ಸುಳ್ಳಿನಿಂದ ಬೀದಿಗೆ ತಂದವಳಾಗುತ್ತಿದ್ದೆ.

ಈಗ ಆಫೀಸಿನವರು ಮನೆಗೆ ಬಂದು ನನ್ನ ಅಭಿಪ್ರಾಯ ಕೇಳುತ್ತಾರೆ. ಕುಸಿದ ನಿಮ್ಮ ಸಾಲಿನ ಮೇಲ್ಗಡೆಯ ಲೈನಿನವರು ಅಲ್ಲಿ ಇರಬಹುದೋ ಬಿಡಬೇಕೋ ಹೇಳಿ ಎನ್ನುತ್ತಾರೆ. ಜನ ನನ್ನ ಮಾತನ್ನು ನಂಬುತ್ತಾರೆ ಎಂಬುದೇ ಈಗ ನನ್ನ ಭಯ. ಬಾಯಿ ತೆರೆಯಲು ಆಗುತ್ತಿಲ್ಲ.

ಅನಸೂಯ


ಕ್ಯಾಸಂಬಳ್ಳಿ
೯ ಸೆಪ್ಟೆಂಬರ್

ಪ್ರೀತಿಯ ಮೇಡಂ,

ನಿಮ್ಮ ಕಾಗದವನ್ನು ಅತ್ತೆಗೂ ನಮ್ಮವರಿಗೂ ಓದಿ ಹೇಳಿದೆ. ನಮ್ಮವರು ಎದ್ದು ಹೋಗಿ ಹಸುವಿಗೆ ನೀರಿಟ್ಟು ಬಂದರು. ಅತ್ತೆ, "ಆಯಮ್ಮಂಗೂ ನಮ್ಮಂಗೇ ಎದೆ ಒಡ್ಕೊಂತಿತ್ತಾ" ಎಂದು ಕೇಳಿದರು.

ನಿಮಗೆ ಒಂದು ಹೇಳಬೇಕು. ಕಾಲೇಜಿನಲ್ಲಿ ನಮ್ಮ ಮುಂದೆ ಯಾವ ಜೀವಿಯನ್ನು ಹಿಡಿದರೂ ನೀವು ಒಂದು ಮಾತಿನಲ್ಲಿ ಉತ್ತರ ಕೊಟ್ಟವರಲ್ಲ. ಹೀಗಿರಬಹುದು, ಹಾಗೂ ಇರಬಹುದು, ಇನ್ನೊಂದು ಸಲ ನೋಡೋಣ ಎನ್ನುತ್ತಿದ್ದಿರಿ. ನಾವು ಬೆನ್ನ ಹಿಂದೆ ನಿಮ್ಮ ಹಾಗೆ ಮಾತಾಡಿ ನಗುತ್ತಿದ್ದೆವು. ಅವತ್ತು ಪೆರುಮಾಳ್ ಕಾಗದ ಕೊಟ್ಟಾಗ ಅದರಲ್ಲಿ ಎರಡೇ ಮಾತಿತ್ತು. ಇದು ನಮ್ಮ ಮೇಡಂ ಬರೆಯುವ ರೀತಿಯಲ್ಲ, ಇವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆಯೂ ಇಷ್ಟು ಹೆದರಿದ್ದಾರೆ ಎಂದು ಆಗಲೇ ತಿಳಿಯಿತು. ಬ್ಲೌಸು ಕೂಡ ಬದಲಿಸದೆ ಮಗುವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ದು ಆ ಮುಳ್ಳನ್ನು ನಂಬಿ ಅಲ್ಲ.

ನಿಮ್ಮ ಮೇಲೆ ಕೋಪ ಬಂತೇ ಎಂದರೆ, ಬಂತು. ಅದನ್ನು ಮುಚ್ಚಿಡುವುದಿಲ್ಲ.

ಮೇಲಿನ ಲೈನಿನ ವಿಷಯಕ್ಕೆ ಬರುತ್ತೇನೆ. ಅವರು ತಮ್ಮ ಬಾವಿಗೆ ಇಣುಕುವುದೂ ಇಲ್ಲ, ಮನೆ ಬಿಡುವುದೂ ಇಲ್ಲ. ಮುನಿಸ್ವಾಮಪ್ಪ ಈಗ ಅಲ್ಲೇ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ನಾನು ಹೋದಾಗ ಅವರೇ ಮುಂದೆ ನಿಂತು ನೀರು ಸೇದಿಸಿದರು. "ನಿನ್ನ ಪಂಚೆ ಇಡಿಯಮ್ಮ, ಸೋಸಣ" ಎಂದರು. ನೀರು ತಣ್ಣಗಿದೆ. ಏರಿಲ್ಲ ಎನ್ನುತ್ತಾರೆ. ಬಟ್ಟೆಯ ಮೇಲೆ ಏನೋ ಇದೆ, ಅದು ಯಾವುದು ಎಂದು ನನಗೆ ತಿಳಿಯದು.

ಬಾಟಲಿಗಳನ್ನು ಪೆರುಮಾಳ್ ತರುತ್ತಾನೆ. ನೋಡಿ ಬರೆಯಿರಿ. ಕಂಡದ್ದನ್ನು ಕಂಡ ಹಾಗೆ, ಕಾಣದಿದ್ದರೆ ಕಾಣಲಿಲ್ಲವೆಂದು. ನಿಮ್ಮ ಕಾಗದವನ್ನು ಬಾವಿಕಟ್ಟೆಯ ಹತ್ತಿರ ಎಲ್ಲರನ್ನೂ ಕೂರಿಸಿ ನಾನೇ ಓದುತ್ತೇನೆ. ಹೆದರಬೇಕಾದರೆ ಅವರೂ ತಿಳಿದುಕೊಂಡೇ ಹೆದರಲಿ.

ನಿಮ್ಮ,
ವನಿತಾ